ಮಗು ಹುಟ್ಟಿದ ಮೊದಲ ನಿಮಿಷದಲ್ಲಿ ಏನು ಮಾಡಿದರು?

"ಆ ದೊಡ್ಡ ದವಾಖಾನಿಗೆ ಹೋದವ್ರು ತಿರುಗಿ ಬರೂದಿಲ್ಲ ನೋಡ್ರಿ." ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಈ ಮಾತು ಈಗಲೂ ಕಿವಿಗೆ ಬೀಳುತ್ತದೆ. ಹೇಳುವವರು ಸುಮ್ನೆ ಹೇಳುವುದಿಲ್ಲ. ಊರಿನ ಯಾವುದೋ ಬಾಣಂತಿಯನ್ನು ಕಳೆದುಕೊಂಡ ನೋವು ಅದರಲ್ಲಿ ಇರುತ್ತದೆ. ಆದರೂ ಈ ಮಾತನ್ನು ನಂಬಿ ಒಂದು ಆಸ್ಪತ್ರೆ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸಿದರೆ ಎಡವುತ್ತೇವೆ. ಆಸ್ಪತ್ರೆಗಳಲ್ಲಿ ಸಿಗುವ ಆರೈಕೆಯ ಗುಣಮಟ್ಟ ಅಳೆಯುವುದು ನನ್ನ ಕೆಲಸ. ಹೆಚ್ಚಾಗಿ ಹೆರಿಗೆ ವಿಭಾಗಗಳಲ್ಲಿ. ಜನ ನನ್ನನ್ನು ಮೊದಲು ಕೇಳುವುದು "ಅಲ್ಲಿ ಎಷ್ಟು ಜನ ಸತ್ತರು?" ಎಂದೇ. ನಾನು ಕೊನೆಗೆ ನೋಡುವ ಲೆಕ್ಕ ಅದು.

ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಕಿಮ್ಸ್ ನೋಡಿ. ಹೆಸರು ಬದಲಾಗಿದ್ದರೂ ಜನರ ಬಾಯಲ್ಲಿ ಅದು ಕಿಮ್ಸೇ. ಧಾರವಾಡ, ಗದಗ, ಹಾವೇರಿ ಅಷ್ಟೇ ಅಲ್ಲ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡದಿಂದಲೂ ಕಷ್ಟದ ಹೆರಿಗೆಗಳು ಅಲ್ಲಿಗೇ ಬರುತ್ತವೆ. ಬಿಪಿ ಏರಿ ಫಿಟ್ಸ್ ಬಂದವರು, ಗಂಟೆಗಟ್ಟಲೆ ರಕ್ತ ಹೋದವರು, ಎರಡು ಮೂರು ಕಡೆ ಸುತ್ತಿ ಕೊನೆಗೆ 108ರಲ್ಲಿ ಬಂದಿಳಿದವರು. ಇಂಥವರೇ ಬರುವ ಕಡೆ ಸಾವು ಜಾಸ್ತಿ ಇರುವುದು ಸಹಜ. ಇತ್ತ ಕಷ್ಟದ ಕೇಸುಗಳನ್ನೆಲ್ಲ ಮುಂದೆ ಕಳಿಸಿದ ಸಣ್ಣ ಆಸ್ಪತ್ರೆಯ ರಿಜಿಸ್ಟರ್‌ನಲ್ಲಿ ಸಾವು ಸೊನ್ನೆ. ಮುಂಡರಗಿ ತಾಲ್ಲೂಕಿನಲ್ಲೋ ಹಾನಗಲ್ ತಾಲ್ಲೂಕಿನಲ್ಲೋ ತಡವಾಗಿ, ಹುಬ್ಬಳ್ಳಿಯಲ್ಲಿ ಜೀವ ಹೋದರೆ, ಆ ಸಾವು ಹುಬ್ಬಳ್ಳಿಯ ಆಸ್ಪತ್ರೆಯ ಹೆಸರಿಗೇ ಬರೆದುಹೋಗುತ್ತದೆ. ಬಂದವರ ಸ್ಥಿತಿ ಎಷ್ಟು ಗಂಭೀರವಾಗಿತ್ತು ಎನ್ನುವುದನ್ನು ಲೆಕ್ಕಕ್ಕೆ ಹಿಡಿಯದೆ ಎರಡು ಆಸ್ಪತ್ರೆಗಳನ್ನು ಹೋಲಿಸುವುದು ಅನ್ಯಾಯ.

ಇನ್ನೊಂದು ತೊಡಕು ಸಣ್ಣ ಸಂಖ್ಯೆಯದು. 2018-20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರ ಸಾವು. ವರ್ಷಕ್ಕೆ 2000 ಹೆರಿಗೆ ಆಗುವ ತಾಲ್ಲೂಕು ಆಸ್ಪತ್ರೆಗೆ ಇದನ್ನು ಹಚ್ಚಿದರೆ ಒಂದು, ಹೆಚ್ಚೆಂದರೆ ಎರಡು ಸಾವು. ಈ ವರ್ಷ ಸೊನ್ನೆ, ಮುಂದಿನ ವರ್ಷ ಮೂರು ಆದರೆ ಆಸ್ಪತ್ರೆ ಕೆಟ್ಟಿತು ಎನ್ನಲಾದೀತೇ? ಆಗದು. ಪ್ರತಿ ಸಾವಿನ ಕಾರಣ ಹುಡುಕಲೇಬೇಕು, ಅದು ಬೇರೆ ಮಾತು. ಸಾವಿನ ಎಣಿಕೆಯಿಂದ ಆಸ್ಪತ್ರೆಗೆ ಅಂಕ ಕೊಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಹಾಗಾದರೆ ಏನನ್ನು ಅಳೆಯಬೇಕು? ಬೈರೂತ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ವೈದ್ಯ ಅವೆಡಿಸ್ ಡೊನಬೇಡಿಯನ್ 1966ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಆಸ್ಪತ್ರೆಯಲ್ಲಿ ಏನಿದೆ, ಅಲ್ಲಿ ಏನು ಮಾಡುತ್ತಾರೆ, ಕೊನೆಗೆ ಏನಾಯಿತು, ಈ ಮೂರನ್ನೂ ಬೇರೆ ಬೇರೆಯಾಗಿ ನೋಡಿ ಎಂದರು. ನಮ್ಮ ಕ್ಷೇತ್ರ ಇವತ್ತಿಗೂ ನಡೆಯುವುದು ಅದೇ ದಾರಿಯಲ್ಲಿ. ಹೆರಿಗೆ ಕೋಣೆಯ ಆಕ್ಸಿಟೋಸಿನ್ ಚುಚ್ಚುಮದ್ದನ್ನೇ ತೆಗೆದುಕೊಳ್ಳಿ, ಗರ್ಭಕೋಶವನ್ನು ಬಿಗಿಯಾಗಿಸಿ ರಕ್ತಸ್ರಾವ ತಡೆಯುವ ಮದ್ದು ಅದು. ಅದು 2ರಿಂದ 8 ಡಿಗ್ರಿ ತಂಪಿನ ಫ್ರಿಜ್‌ನಲ್ಲಿ ಇದೆಯೇ ಎನ್ನುವುದು ಮೊದಲ ಪ್ರಶ್ನೆ. ಮಗು ಹುಟ್ಟಿದ ಒಂದು ನಿಮಿಷದೊಳಗೆ 10 ಯೂನಿಟ್ ಕೊಟ್ಟರೇ ಎನ್ನುವುದು ಎರಡನೆಯದು. ತಾಯಿಗೆ ರಕ್ತಸ್ರಾವ ಆಯಿತೇ ಎನ್ನುವುದು ಮೂರನೆಯದು. ನನಗೆ ಬೆಲೆಬಾಳುವುದು ನಡುವಿನ ಪ್ರಶ್ನೆ. ಯಾಕೆಂದರೆ ಅದು ಸಿಬ್ಬಂದಿಯ ಕೈಯಲ್ಲಿರುವ ಕೆಲಸ, ಪ್ರತಿ ಹೆರಿಗೆಯಲ್ಲೂ ನೋಡಬಹುದು, ತಪ್ಪಿದರೆ ನಾಳೆಯಿಂದಲೇ ಸರಿಪಡಿಸಬಹುದು.

ನಮ್ಮ ಪಕ್ಕದ ಜಿಲ್ಲೆಯ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಹೆರಿಗೆಯಲ್ಲಿ ಎಷ್ಟು ರಕ್ತ ಹೋಯಿತು ಎಂದು ಸಾಮಾನ್ಯವಾಗಿ ಕಣ್ಣಂದಾಜಿನಲ್ಲೇ ಬರೆಯುತ್ತಾರೆ. ಬಟ್ಟೆಗೆ ಹೀರಿದ್ದು, ನೆಲಕ್ಕೆ ಸೋರಿದ್ದು, ಬಕೆಟ್‌ಗೆ ಬಿದ್ದದ್ದು, ಇದನ್ನೆಲ್ಲ ಕಣ್ಣಲ್ಲಿ ಕೂಡಿಸುವುದು ಯಾರಿಗೂ ಸಾಧ್ಯವಿಲ್ಲ. ಬೆಳಗಾವಿಯ ಜೆಎನ್ಎಂಸಿ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದವರ ಜೊತೆ ಸೇರಿ ಒಂದು ಸರಳ ಪ್ಲಾಸ್ಟಿಕ್ ಹಾಳೆ ಮಾಡಿದರು. ಬಾಣಂತಿಯ ಕೆಳಗೆ ಹಾಸುವ ಹಾಳೆ, ತುದಿಯಲ್ಲಿ ಅಳತೆಯ ಗೆರೆ ಇರುವ ಚೀಲ. ಅದರಿಂದ ಅಳೆದಾಗ ಕಣ್ಣಂದಾಜು ಸುಮಾರು 33% ಕಡಿಮೆ ಇತ್ತು ಎಂದು ಗೊತ್ತಾಯಿತು. ಅಂದರೆ ಅಪಾಯದಲ್ಲಿರುವ ಹೆಣ್ಣುಮಗಳನ್ನು "ಏನಿಲ್ಲ, ಆರಾಮ ಇದ್ದಾಳೆ" ಎಂದು ಬಿಟ್ಟುಬಿಡುವ ಸಾಧ್ಯತೆ. ಇದೇ ಹಾಳೆ ಬಳಸಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಎಎನ್ಎಂ ಸಿಸ್ಟರ್‌ಗಳು ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟ ಕಡೆ ಅತಿ ರಕ್ತಸ್ರಾವ 12%ರಿಂದ 6.4%ಕ್ಕೆ ಇಳಿದಿತ್ತು.

ಮುಂದೆ 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ ದೊಡ್ಡ ಅಧ್ಯಯನವೊಂದು ಬಂತು. ಅಳತೆಯ ಹಾಳೆ ಹಾಸಿ, ರಕ್ತ ಗೆರೆ ಮುಟ್ಟುತ್ತಿದ್ದಂತೆ ಗರ್ಭಕೋಶದ ಮಸಾಜು, ಆಕ್ಸಿಟೋಸಿನ್, ರಕ್ತಸ್ರಾವ ನಿಲ್ಲಿಸಲು ನೆರವಾಗುವ ಟ್ರಾನೆಕ್ಸಾಮಿಕ್ ಆ್ಯಸಿಡ್, ಸಲೈನ್, ಎಲ್ಲಿಂದ ರಕ್ತ ಬರುತ್ತಿದೆ ಎಂಬ ತಪಾಸಣೆ, ಇವನ್ನೆಲ್ಲ ಒಟ್ಟಿಗೇ ಶುರು ಮಾಡಿದರು. ಜೀವಕ್ಕೆ ಕುತ್ತು ತರುವಂಥ ರಕ್ತಸ್ರಾವ ಮತ್ತು ಅದರ ಕೆಟ್ಟ ಪರಿಣಾಮಗಳು 60% ಕಡಿಮೆಯಾದವು. ನಾನು ಅಳತೆಯ ಬಗ್ಗೆ ಇಷ್ಟು ಹಟ ಹಿಡಿಯುವುದು ಇದಕ್ಕೇ. ಇಲ್ಲಿ ಅಳೆಯುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.

ಈ ಕೆಲಸಕ್ಕೆ ಕೇಸ್ ಶೀಟ್ ಓದಿದರೆ ಸಾಲದು. ಒಂದು ವಾರ್ಡಿನ ಹಾಳೆಗಳನ್ನು ಸಾಲಾಗಿ ಇಟ್ಟು ನೋಡಿ. ಬಿಪಿ 120/80, ಮತ್ತೆ 120/80, ಆಮೇಲೆ 110/70. ನಿಜವಾದ ಬಿಪಿ ಹೀಗೆ ಸೊನ್ನೆಗಳಲ್ಲೇ ಬಂದು ನಿಲ್ಲುವುದಿಲ್ಲ ಅಲ್ವಾ? ಹೆರಿಗೆ ಎಷ್ಟು ಮುಂದುವರಿದಿದೆ ಎಂದು ಆಗಾಗ ಗುರುತು ಹಾಕಬೇಕಾದ ಪಾರ್ಟೋಗ್ರಾಫ್, ಹೆರಿಗೆ ಮುಗಿದ ಮೇಲೆ ಒಂದೇ ಪೆನ್ನಿನಲ್ಲಿ ತುಂಬಿರುತ್ತದೆ. ಸಿಸ್ಟರ್‌ಗಳನ್ನು ಬೈದು ಪ್ರಯೋಜನವಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬರೇ ಮೂರು ಹೆರಿಗೆ ನೋಡುವಾಗ ಅವರು ಕೈ ತಾಯಿಯ ಮೇಲಿಡಬೇಕೋ ಪೆನ್ನಿನ ಮೇಲಿಡಬೇಕೋ? ಹಾಗಾಗಿ ನಾವು ಹೆರಿಗೆ ಕೋಣೆಯ ಮೂಲೆಯಲ್ಲಿ ನಿಂತು ನೋಡುತ್ತೇವೆ, ತಾಯಿಯ ಒಪ್ಪಿಗೆ ಪಡೆದು. ಹೊರಗಿನವರು ನಿಂತಿದ್ದಾರೆ ಎಂದರೆ ಮೊದಮೊದಲು ಎಲ್ಲರೂ ಕೈ ಚೆನ್ನಾಗಿ ತೊಳೆಯುತ್ತಾರೆ. ಇಡೀ ಪಾಳಿ ಅಲ್ಲೇ ಇದ್ದರೆ ದಿನನಿತ್ಯದ ರೂಢಿ ಕಾಣತೊಡಗುತ್ತದೆ.

ಸರ್ಕಾರ 2017ರಲ್ಲಿ ಹೆರಿಗೆ ಕೋಣೆಗಳಿಗೆಂದೇ 'ಲಕ್ಷ್ಯ' ಕಾರ್ಯಕ್ರಮ ತಂದಿದ್ದು ಒಳ್ಳೆಯದಾಯಿತು. ಪಟ್ಟಿ ಹಿಡಿದು ಅಂಕ ಕೊಡುವ ವ್ಯವಸ್ಥೆ ಬಂದ ಮೇಲೆ ಪರದೆ, ಬೆಳಕು, ಶೌಚಾಲಯ ಸುಧಾರಿಸುತ್ತವೆ. ಅದೂ ಬೇಕು. ಆದರೆ ಮೊದಲೇ ಗೊತ್ತಿರುವ ತಪಾಸಣೆಯ ದಿನ ಎಲ್ಲವೂ ಸಜ್ಜಾಗಿರುತ್ತದೆ. ಮಂಗಳವಾರ ರಾತ್ರಿ ಎರಡು ಗಂಟೆಗೆ ಏನಾಗುತ್ತದೆ ಎನ್ನುವುದು ಆ ಅಂಕದಲ್ಲಿ ಬರುವುದಿಲ್ಲ.

ಮಾಡುವ ಕೆಲಸ ಸುಧಾರಿಸಿದರೆ ಸಾವು ತಾನಾಗಿಯೇ ಇಳಿಯುತ್ತದೆ ಎಂದೂ ಹೇಳಲಾರೆ. ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು 2017ರಲ್ಲಿ ನಮಗೆಲ್ಲ ಕಹಿ ಸತ್ಯ ಹೇಳಿತು. ಸುರಕ್ಷಿತ ಹೆರಿಗೆಯ ಚೆಕ್‌ಲಿಸ್ಟ್ ಕೊಟ್ಟು, ಜೊತೆಗೆ ನಿಂತು ಕಲಿಸಿದ ಕಡೆ ಎರಡು ತಿಂಗಳಲ್ಲಿ ಸಿಬ್ಬಂದಿ 73%ರಷ್ಟು ಅಗತ್ಯ ಕೆಲಸಗಳನ್ನು ಮಾಡುತ್ತಿದ್ದರು. ಉಳಿದ ಕಡೆ 42%. ಆದರೂ ತಾಯಿ-ಮಗುವಿನ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನನ್ನ ಓದಿನ ಪ್ರಕಾರ ಇದಕ್ಕೆ ಕಾರಣ ಒಂದು ಕೋಣೆಯೊಳಗೆ ಸಿಗುವುದಿಲ್ಲ. ರಕ್ತ ಸಿಗದಿದ್ದರೆ, ಆಪರೇಷನ್ ಮಾಡುವವರು ಇಲ್ಲದಿದ್ದರೆ, ಆಂಬುಲೆನ್ಸ್ ತಡವಾದರೆ, ಕೈ ತೊಳೆದದ್ದೊಂದೇ ಜೀವ ಉಳಿಸುವುದಿಲ್ಲ.

ಬಾಣಂತಿಯರನ್ನೂ ಕೇಳುತ್ತೇವೆ. "ಖುಷಿ ಆಯ್ತಾ?" ಎಂದು ಕೇಳಿದರೆ ಎಲ್ಲರೂ "ಚಲೋ ನೋಡ್ಕೊಂಡ್ರಿ" ಅನ್ನುತ್ತಾರೆ. ಮಗು ಕೈಯಲ್ಲಿದೆ, ಇನ್ನೇನು ಹೇಳುತ್ತಾರೆ? ಅದಕ್ಕೇ ಮನೆಗೆ ಹೋಗಿ, ನಡೆದದ್ದನ್ನೇ ಕೇಳಬೇಕು. ನೋವು ತಿನ್ನುವಾಗ ಯಾರಾದರೂ ಬೈದರಾ? ಜೊತೆಗೆ ಅವ್ವನನ್ನು ಬಿಟ್ಟರಾ? ದುಡ್ಡು ಕೇಳಿದರಾ? ಆಗ ಬರುವ ಉತ್ತರಗಳೇ ಬೇರೆ.

ನಮ್ಮ ಭಾಗದಲ್ಲಿ ಮೊದಲು ಏನು ಸರಿಪಡಿಸಬೇಕು ಎಂದು ಕೇಳಿದರೆ ನಾನು ರೆಫರಲ್ ಚೀಟಿಯನ್ನೇ, ಅಂದರೆ ದೊಡ್ಡ ಆಸ್ಪತ್ರೆಗೆ ಕಳಿಸುವಾಗ ಬರೆದುಕೊಡುವ ಚೀಟಿಯನ್ನೇ ಹಿಡಿದುಕೊಳ್ಳುತ್ತೇನೆ. ಫಿಟ್ಸ್ ಬಂದ ಗರ್ಭಿಣಿಯನ್ನು ಕಳಿಸುವ ಮುಂಚೆ ಎರಡೂ ಕುಂಡಿಗೆ ಫಿಟ್ಸ್ ತಡೆಯುವ ಮ್ಯಾಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ ತಲಾ 5 ಗ್ರಾಂ ಕೊಡಬೇಕು ಎಂದು ಮಾರ್ಗಸೂಚಿ ಹೇಳುತ್ತದೆ. ಕೊಟ್ಟರಾ, ಎಷ್ಟು ಗಂಟೆಗೆ ಕೊಟ್ಟರು, ಎಷ್ಟು ಗಂಟೆಗೆ ಹೊರಟರು, ಇದು ಚೀಟಿಯಲ್ಲಿ ಇರಬೇಕು. ಬಹಳ ಸಲ ಇರುವುದು "ಹೆಚ್ಚಿನ ಚಿಕಿತ್ಸೆಗಾಗಿ" ಎಂಬ ಒಂದೇ ಸಾಲು. ಹುಬ್ಬಳ್ಳಿ ತಲುಪಿದ ಮೇಲೆ ಆ ಹೆಣ್ಣುಮಗಳು ಏನಾದಳು ಎನ್ನುವುದು ಕಳಿಸಿದ ಸಿಸ್ಟರ್‌ಗೆ ಎಂದೂ ತಿಳಿಯುವುದಿಲ್ಲ. ತಾನು ಮಾಡಿದ್ದು ಸರಿಯಿತ್ತೋ, ಅರ್ಧ ಗಂಟೆ ಮೊದಲೇ ಕಳಿಸಬೇಕಿತ್ತೋ ಎಂದು ತಿಳಿಯದೆ ಅವರು ಮುಂದಿನ ಕೇಸು ನೋಡುತ್ತಾರೆ. ಡಿಸ್ಚಾರ್ಜ್ ಆದ ದಿನ ದೊಡ್ಡ ಆಸ್ಪತ್ರೆಯಿಂದ ಶಿರಹಟ್ಟಿಗೋ ಸವಣೂರಿಗೋ ಒಂದು ಫೋನ್ ಹೋಗಲಿ, ತಾಯಿ ಹೇಗಿದ್ದಾಳೆ, ಮಗು ಹೇಗಿದೆ, ನೀವು ಕೊಟ್ಟ ಇಂಜೆಕ್ಷನ್ ಕೆಲಸ ಮಾಡಿತೋ ಇಲ್ಲವೋ ಎಂದು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಈ ಫೋನ್ ಮಾಡುವುದು ಯಾರ ಕೆಲಸ ಎಂದು ಆಸ್ಪತ್ರೆ ಗೊತ್ತು ಮಾಡಿದರೆ ಸಾಕು.