ರೈಟ್ ಸಹೋದರರ ಆರಡಿ ಪೆಟ್ಟಿಗೆ

ಮೊದಲ ವಿಮಾನ ಹಾರಿಸಿದವರು ಯಾರು ಅಂದ್ರೆ ನೀವೆಲ್ಲ ತಟ್ಟನೆ ರೈಟ್ ಸಹೋದರರು ಅಂತೀರಿ. ಸರಿ, ಆದರೆ ಅವರಿಗೇ ಯಾಕೆ ಸಾಧ್ಯವಾಯಿತು? ಅದೇ ಹೊತ್ತಿಗೆ ಅಮೆರಿಕದ ಹೆಸರಾಂತ ವಿಜ್ಞಾನಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಅವರ ಕೈಯಲ್ಲಿ ಸರ್ಕಾರ ಕೊಟ್ಟ 50,000 ಡಾಲರ್ ಇತ್ತು, 52 ಅಶ್ವಶಕ್ತಿಯ ಎಂಜಿನ್ ಇತ್ತು. ವಿಲ್ಬರ್ ಮತ್ತು ಆರ್ವಿಲ್ ಹತ್ತಿರ ಇದ್ದದ್ದು ಡೇಟನ್ ಊರಿನ ಒಂದು ಸೈಕಲ್ ಅಂಗಡಿ. ಇಬ್ಬರೂ ಕಾಲೇಜಿಗೆ ಹೋದವರಲ್ಲ.

ಜರ್ಮನಿಯ ಆಟೊ ಲಿಲಿಯೆಂಥಾಲ್ ಎಂಜಿನ್ ಇಲ್ಲದ ಗ್ಲೈಡರ್ ಹಿಡಿದು ಗುಡ್ಡದಿಂದ ಸುಮಾರು 2,000 ಸಲ ತೇಲಿ ಇಳಿದಿದ್ದರು. 1896ರಲ್ಲಿ ಹಾಗೆ ಹಾರುವಾಗಲೇ ಬಿದ್ದು ತೀರಿಕೊಂಡರು. ಮೇಲೇರುವುದಷ್ಟೇ ಸಾಲದು, ಗಾಳಿಯಲ್ಲಿ ಓಲಾಡದ ಹಾಗೆ ಹಿಡಿತ ಬೇಕು ಅನ್ನುವುದು ಈ ಅಣ್ಣತಮ್ಮಂದಿರಿಗೆ ಅರ್ಥವಾಯಿತು. ಸೈಕಲ್ಲೂ ಹಾಗೇ ಅಲ್ವಾ? ಪೆಡಲ್ ತುಳಿಯೋಕೆ ಬಂದರೆ ಸಾಲದು, ಬ್ಯಾಲೆನ್ಸ್ ಬರಬೇಕು. ಹಾಗಾಗಿ ರೆಕ್ಕೆಯ ತುದಿಯನ್ನು ಹಗ್ಗದಿಂದ ತಿರುಚಿ ಗ್ಲೈಡರನ್ನು ಎಡಕ್ಕೆ, ಬಲಕ್ಕೆ ವಾಲಿಸುವ ಉಪಾಯ ಹುಡುಕಿದರು.

ಆದರೂ 1901ರ ಗ್ಲೈಡರ್ ಕೈಕೊಟ್ಟಿತು. ಲೆಕ್ಕ ಹಾಕಿದ್ದರ ಮೂರನೇ ಒಂದು ಭಾಗದಷ್ಟೇ ಅದು ಭಾರ ಎತ್ತುತ್ತಿತ್ತು. ಇನ್ನು 50 ವರ್ಷ ಮನುಷ್ಯ ಹಾರಲಾರ ಅಂತ ವಿಲ್ಬರ್ ತಮ್ಮನಿಗೆ ಹೇಳಿಬಿಟ್ಟರು.

ಆಮೇಲೆ ಅವರು ಮಾಡಿದ ಕೆಲಸ ನನಗೆ ಹಾರಾಟಕ್ಕಿಂತ ಜಾಸ್ತಿ ಇಷ್ಟ. ರೆಕ್ಕೆ ಎಷ್ಟು ಭಾರ ಎತ್ತುತ್ತೆ ಅಂತ ಎಲ್ಲರೂ ನಂಬಿದ್ದ ಹಳೆಯ ಅಂಕಿಗಳನ್ನು ಪಕ್ಕಕ್ಕಿಟ್ಟು, ಆರು ಅಡಿ ಉದ್ದದ ಮರದ ಪೆಟ್ಟಿಗೆ ಮಾಡಿ, ಒಂದು ತುದಿಗೆ ಫ್ಯಾನ್ ಕೂರಿಸಿ, ಗರಗಸದ ಬ್ಲೇಡು ಮತ್ತು ಸೈಕಲ್ ಕಡ್ಡಿಯ ತಂತಿಯಿಂದ ಪುಟ್ಟ ತಕ್ಕಡಿ ಕಟ್ಟಿ, ಅದರೊಳಗೆ ಸುಮಾರು 200 ಬಗೆಯ ಅಂಗೈಯಗಲದ ರೆಕ್ಕೆಗಳನ್ನು ಒಂದೊಂದಾಗಿ ಇಟ್ಟು, ಗಾಳಿ ಅವನ್ನು ಎಷ್ಟು ಎತ್ತುತ್ತೆ ಅಂತ ಅಳೆದರು. ಉದ್ದವಾದ, ಕಿರಿದಾದ ರೆಕ್ಕೆಯೇ ಒಳ್ಳೆಯದು ಅಂತ ಗೊತ್ತಾಯಿತು. ಆ ಲೆಕ್ಕದಿಂದ ಮಾಡಿದ 1902ರ ಗ್ಲೈಡರ್ ಹೇಳಿದ ಹಾಗೆ ಕೇಳಿತು.

ಎಂಜಿನ್ ಕೊನೆಗೆ ಬಂತು. ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರು ವಾರದಲ್ಲಿ ಮಾಡಿಕೊಟ್ಟರು. ಬರೀ 12 ಅಶ್ವಶಕ್ತಿ, ಆದರೆ ರೆಕ್ಕೆ ಸರಿಯಿದ್ದಾಗ ಅಷ್ಟೇ ಸಾಕಿತ್ತು.

1903ರ ಡಿಸೆಂಬರ್ 8ರಂದು ಲ್ಯಾಂಗ್ಲಿ ಅವರ ವಿಮಾನ ಎರಡನೇ ಸಲ ನದಿಗೆ ಬಿತ್ತು. ಒಂಬತ್ತು ದಿನದ ನಂತರ ಅಮೆರಿಕದ ಕಡಲತೀರದ ಊರು ಕಿಟಿ ಹಾಕ್ ಹತ್ತಿರದ ಮರಳು ಬಯಲಿನಲ್ಲಿ, ಐದು ಜನರ ಎದುರು, ಆರ್ವಿಲ್ 12 ಸೆಕೆಂಡ್ ಹಾರಿದರು. ದೂರ 120 ಅಡಿ. ಅವತ್ತಿನ ನಾಲ್ಕನೇ ಹಾರಾಟ ವಿಲ್ಬರ್ ಅವರದ್ದು: 59 ಸೆಕೆಂಡ್, 852 ಅಡಿ. ಸ್ವಲ್ಪ ಹೊತ್ತಿಗೆ ಜೋರು ಗಾಳಿ ಬೀಸಿ, ನಿಲ್ಲಿಸಿದ್ದ ವಿಮಾನವನ್ನು ಉರುಳಿಸಿ ಮುರಿಯಿತು. ಅದು ಮತ್ತೆ ಹಾರಲಿಲ್ಲ.