ಮೂರು ಸಲ ಸೋತ ಹಾರ್ವೆ ಮಿಲ್ಕ್ ನಾಲ್ಕನೇ ಸಲ ಗೆದ್ದದ್ದು ಹೇಗೆ?

ಪ್ರಶ್ನೆ: ಸ್ಯಾನ್ ಫ್ರಾನ್ಸಿಸ್ಕೊದ ಹಾರ್ವೆ ಮಿಲ್ಕ್ ಸಲಿಂಗಿ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡೇ ಚುನಾವಣೆಗೆ ನಿಂತವರು. ಮೂರು ಸಲ ಸೋತು 1977ರಲ್ಲಿ ಗೆದ್ದರು. ಅಷ್ಟರಲ್ಲಿ ಜನರ ಮನಸ್ಸು ಬದಲಾಗಿತ್ತಾ?

ಉತ್ತರ: ಮನಸ್ಸಿಗಿಂತ ಜಾಸ್ತಿ ಬದಲಾದದ್ದು ಮತ ಹಾಕುವ ರೀತಿ. ಆ ಊರಿನ ಆಡಳಿತ ಮಂಡಳಿಯಲ್ಲಿ 11 ಸದಸ್ಯರು. ನಮ್ಮ ಕಾರ್ಪೊರೇಟರ್‌ಗಳ ಹಾಗೆ ಅಂದುಕೊಳ್ಳಿ. ಆದರೆ ಆಗ ವಾರ್ಡ್‌ಗಳಿರಲಿಲ್ಲ, ಎಲ್ಲ ಸ್ಥಾನಕ್ಕೂ ಇಡೀ ಊರೇ ಮತ ಹಾಕುತ್ತಿತ್ತು. ಊರೆಲ್ಲ ಪ್ರಚಾರ ಮಾಡಬೇಕೆಂದರೆ ದುಡ್ಡು ಬೇಕಲ್ವಾ? ನ್ಯೂಯಾರ್ಕ್ ಕಡೆಯಿಂದ ಬಂದು ನೆಲೆಸಿದ್ದ ಮಿಲ್ಕ್ ಅವರಿಗೆ ಇದ್ದದ್ದು ಸಲಿಂಗಿಗಳು ಹೆಚ್ಚಾಗಿ ನೆಲೆಸಿದ್ದ ಕ್ಯಾಸ್ಟ್ರೊ ಬೀದಿಯ ಒಂದು ಸಣ್ಣ ಕ್ಯಾಮೆರಾ ಅಂಗಡಿ.

1973ರಲ್ಲಿ 32 ಅಭ್ಯರ್ಥಿಗಳ ಪೈಕಿ 10ನೆಯವರಾದರು. 1975ರಲ್ಲಿ ಆರು ಸ್ಥಾನ ಖಾಲಿಯಿತ್ತು, ಅವರು ಏಳನೆಯವರು! 1976ರಲ್ಲಿ ರಾಜ್ಯದ ಶಾಸನಸಭೆಗೆ ನಿಂತು ಅಲ್ಲೂ ಸೋತರು.

ಆದರೆ ಅವರು ಸುಮ್ನೆ ಕೂರಲಿಲ್ಲ. ಲಾರಿ ಚಾಲಕರ ಸಂಘ ಕೂರ್ಸ್ ಬಿಯರ್ ಬಹಿಷ್ಕಾರಕ್ಕೆ ಕರೆ ಕೊಟ್ಟಾಗ, ಸಲಿಂಗಿಗಳು ಸೇರುವ ಬಾರ್‌ಗಳಿಗೆ ಹೋಗಿ ಆ ಬಿಯರ್ ಮಾರಬೇಡಿ ಎಂದು ಒಪ್ಪಿಸಿದರು. ಬದಲಿಗೆ ಸಂಘವನ್ನು ಕೇಳಿದ್ದು ಒಂದೇ: ಸಲಿಂಗಿಗಳಿಗೂ ಚಾಲಕರ ಕೆಲಸ ಕೊಡಿ. ಆಮೇಲೆ ಕಾರ್ಮಿಕ ಸಂಘಗಳು ಅವರ ಬೆನ್ನಿಗೆ ನಿಂತವು. ಅವರ ಇಡೀ ರಾಜಕೀಯದಲ್ಲಿ ನನಗೆ ತುಂಬಾ ಹಿಡಿಸುವ ಕೆಲಸ ಇದೇ.

1976ರ ನವೆಂಬರ್‌ನಲ್ಲಿ ಮತದಾರರು ವಾರ್ಡ್ ಪದ್ಧತಿಗೆ ಒಪ್ಪಿಗೆ ಕೊಟ್ಟರು. ಮುಂದಿನ ವರ್ಷ ಮಿಲ್ಕ್ ತಮ್ಮದೇ ಬೀದಿಗಳ ಮತ ಕೇಳಿದರೆ ಸಾಕಾಯಿತು. 17 ಜನ ಕಣದಲ್ಲಿದ್ದರೂ ಗೆದ್ದರು. ಅದೇ ಚುನಾವಣೆಯಲ್ಲಿ ಚೀನಾ ಮೂಲದ ಗೋರ್ಡನ್ ಲಾವ್, ಕಪ್ಪು ಮಹಿಳೆ ಎಲಾ ಹಿಲ್ ಹಚ್ ಕೂಡ ಆಯ್ಕೆಯಾದರು. ಡ್ಯಾನ್ ವೈಟ್ ಎಂಬ ಮಾಜಿ ಪೊಲೀಸ್ ಕೂಡ.

ಕೆಲಸ, ಮನೆ ಬಾಡಿಗೆ ವಿಷಯದಲ್ಲಿ ಸಲಿಂಗಿಗಳಿಗೆ ಭೇದ ಮಾಡಬಾರದು ಎಂಬ ನಿಯಮವನ್ನು ಮಿಲ್ಕ್ ತಂದರು. ಅದು 10–1ರಲ್ಲಿ ಪಾಸಾಯಿತು. ವಿರೋಧದ ಒಂದು ಮತ ವೈಟ್ ಅವರದು. ಮುಂದೆ ವೈಟ್ ರಾಜೀನಾಮೆ ಕೊಟ್ಟು, ಮತ್ತೆ ಆ ಸ್ಥಾನ ಬೇಕೆಂದು ಮೇಯರ್ ಅವರನ್ನು ಕೇಳಿದರು. ಅದು ಸಿಗದು ಎಂದು ಗೊತ್ತಾದಾಗ, 1978ರ ನವೆಂಬರ್ 27ರಂದು ಸಿಟಿ ಹಾಲ್‌ನಲ್ಲೇ ಮೇಯರ್ ಜಾರ್ಜ್ ಮೊಸ್ಕೋನಿ ಮತ್ತು ಮಿಲ್ಕ್ ಇಬ್ಬರನ್ನೂ ಗುಂಡಿಟ್ಟು ಕೊಂದರು. ಮಿಲ್ಕ್ ಅಧಿಕಾರ ವಹಿಸಿಕೊಂಡು ಇನ್ನೂ ವರ್ಷವೂ ತುಂಬಿರಲಿಲ್ಲ.

1980ರಲ್ಲಿ ಮತದಾರರು ವಾರ್ಡ್ ಪದ್ಧತಿಯನ್ನೂ ರದ್ದು ಮಾಡಿದರು. ಅದು ಮತ್ತೆ ಬಂದದ್ದು 2000ದ ಚುನಾವಣೆಗೆ.