ಬೆಕ್ಕಿಗೂ ಸಿಸ್ಟರ್ ಬರ್ತಾರಾ?

ಇಂಗ್ಲೆಂಡಿನಲ್ಲಿ ನಾನು ಮಾಡುವ ಕೆಲಸ ಏನು ಅಂತ ಊರಿನವರಿಗೆ ಹೇಳಿದರೆ ಮೊದಲು ನಗುತ್ತಾರೆ. ನಾಯಿ, ಬೆಕ್ಕುಗಳ ನರ್ಸ್, ಅದೂ ಮನೆಮನೆಗೆ ಹೋಗುವವಳು! ಆದರೆ ಇಲ್ಲಿ ಇದಕ್ಕೆ ಓದು, ಪರೀಕ್ಷೆ, ನೋಂದಣಿ ಎಲ್ಲ ಇದೆ. 1966ರ ವೆಟರ್ನರಿ ಸರ್ಜನ್ಸ್ ಕಾಯ್ದೆಯ ಮೂರನೇ ಷೆಡ್ಯೂಲ್ ಪ್ರಕಾರ, ನೋಂದಾಯಿತ ನರ್ಸ್ ಚುಚ್ಚುಮದ್ದು ಕೊಡಬಹುದು, ರಕ್ತ ತೆಗೆಯಬಹುದು, ಹೊಟ್ಟೆ ಎದೆಯ ಒಳಗೆ ಕೈ ಹಾಕದಂಥ ಸಣ್ಣಪುಟ್ಟ ಶಸ್ತ್ರಚಿಕಿತ್ಸೆಯನ್ನೂ ಮಾಡಬಹುದು. ಎಲ್ಲವೂ ಆ ಪ್ರಾಣಿಯನ್ನು ನೋಡಿಕೊಳ್ಳುತ್ತಿರುವ ಪಶುವೈದ್ಯರು ಹೇಳಿದ ಮೇಲೆ. ಕಾಯಿಲೆ ಇಂಥದ್ದೇ ಅಂತ ಹೇಳುವ ಅಧಿಕಾರ ನನಗಿಲ್ಲ. ಮದ್ದು ಬರೆದುಕೊಡುವ ಅಧಿಕಾರವೂ ಇಲ್ಲ.

ಹಾಗಾದರೆ ಮನೆಗೆ ಹೋಗಿ ಮಾಡುವುದೇನು? ಡಾಕ್ಟರ ಚೀಟಿಯಲ್ಲಿ ‘ದಿನಕ್ಕೆ ಎರಡು ಸಲ, ಊಟದ ಜೊತೆ’ ಅಂತ ಇರುತ್ತದೆ. ಆ ಮನೆಯಲ್ಲಿ, ಆ ಜನರ ಕೈಯಲ್ಲಿ, ಆ ಪ್ರಾಣಿಯ ಮೇಲೆ ಅದು ನಿಜಕ್ಕೂ ನಡೆಯುತ್ತಿದೆಯಾ ಅಂತ ನೋಡುವುದೇ ನನ್ನ ಕೆಲಸದ ಬಹುಪಾಲು.

ಒಂದು ಕನ್ನಡದ ಮನೆಯ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇನೆ. ಬೆಕ್ಕಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ದಿನಕ್ಕೆ ಎರಡು ಸಲ, ಎರಡೆರಡು ಯೂನಿಟ್. ಮೊದಲು ಹತೋಟಿಗೆ ಬಂದಿದ್ದ ಸಕ್ಕರೆ ಮತ್ತೆ ಏರಿತ್ತು. ಬೆಕ್ಕು ಬಟ್ಟಲುಗಟ್ಟಲೆ ನೀರು ಕುಡಿಯುತ್ತಿತ್ತು. ಡೋಸ್ ಏರಿಸುವ ಮುಂಚೆ ಒಮ್ಮೆ ಮನೆಗೆ ಹೋಗಿ ನೋಡಿ ಬಾ ಅಂದರು ಡಾಕ್ಟರು. ಬಾಗಿಲು ತೆಗೆದವರು ಹಾಸನದಿಂದ ಮಗನ ಮನೆಗೆ ಬಂದಿದ್ದ ಅಮ್ಮ. ‘ಅಯ್ಯೋ, ಬೆಕ್ಕಿಗೂ ಸಿಸ್ಟರ್ ಬರ್ತಾರಾ?’ ಅಂದರು. ಕಾಫಿ ಬಂತು.

ಮಗ ಚುಚ್ಚಿ ತೋರಿಸಿದ. ಕೈ ಚೆನ್ನಾಗಿಯೇ ಪಳಗಿತ್ತು. ಕತ್ತಿನ ಹಿಂದಿನ ಚರ್ಮ ಎತ್ತಿ ಹಿಡಿದು, ಬೆಕ್ಕಿಗೆ ಗೊತ್ತೇ ಆಗದ ಹಾಗೆ ಸೂಜಿ ಹಾಕಿದ. ತಪ್ಪಿದ್ದದ್ದು ಸಿರಿಂಜಿನಲ್ಲಿ. ಕ್ಲಿನಿಕ್‌ನವರು ಕೊಟ್ಟಿದ್ದು ಖಾಲಿಯಾಗಿತ್ತು, ಅವನು ಮೆಡಿಕಲ್ ಅಂಗಡಿಯಿಂದ ಬೇರೆ ತಂದಿದ್ದ. ನಾಯಿ ಬೆಕ್ಕಿಗೆಂದೇ ಬರುವ ಇನ್ಸುಲಿನ್‌ನಲ್ಲಿ ಸಾಮಾನ್ಯವಾಗಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುತ್ತದೆ. ಬ್ರಿಟನ್ನಿನಲ್ಲಿ ಮನುಷ್ಯರ ಇನ್ಸುಲಿನ್‌ಗೆ ಬಳಸುವ ಸಿರಿಂಜು 100ರ ಅಳತೆಯದು. ಅದರಲ್ಲಿ ಎರಡರ ಗೆರೆಗೆ ಎಳೆದರೆ ಒಳಗೆ ಬರುವುದು 0.02 ಎಂ.ಎಲ್. ಅಂದರೆ ಬೆಕ್ಕಿಗೆ ಸಿಕ್ಕಿದ್ದು ಬರೀ 0.8 ಯೂನಿಟ್, ಅರ್ಧಕ್ಕಿಂತ ಕಡಿಮೆ. ಇದು ಗೊತ್ತಿಲ್ಲದೆ ಡೋಸ್ ಏರಿಸಿ, ಆಮೇಲೆ ಸರಿಯಾದ ಸಿರಿಂಜು ಕೈಗೆ ಬಂದಿದ್ದರೆ ಸಕ್ಕರೆ ಧಡಕ್ಕನೆ ಇಳಿದು ಬೆಕ್ಕಿನ ಜೀವಕ್ಕೇ ಕುತ್ತು.

ತಮಾಷೆ ಏನೆಂದರೆ, ಆ ಅಮ್ಮನೂ ಇನ್ಸುಲಿನ್ ತಗೊಳ್ಳುವವರು. ಊರಿಂದ ತಂದಿದ್ದ ಕೆಂಪು ಮುಚ್ಚಳದ ಸಿರಿಂಜು ತಂದು ತೋರಿಸಿದರು. ‘ನಂದು ನಲವತ್ತರದ್ದು ಕಣಮ್ಮಾ, ಇವನಿಗೆ ಹೇಳಿದ್ರೆ ಕೇಳಲ್ಲ.’ ಅಳತೆಯ ಮಟ್ಟಿಗೆ ಅವರೇ ಸರಿ. ಭಾರತದಲ್ಲಿ 40ರ ಇನ್ಸುಲಿನ್ ಬಾಟಲಿ ಈಗಲೂ ಧಾರಾಳವಾಗಿ ಸಿಗುತ್ತದೆ, 100ರದ್ದೂ ಸಿಗುತ್ತದೆ. ಹಾಗಾಗಿ ಬೆಂಗಳೂರು, ಮೈಸೂರಿನಲ್ಲಿ ಸಕ್ಕರೆ ಕಾಯಿಲೆಯ ನಾಯಿಯನ್ನೋ ಬೆಕ್ಕನ್ನೋ ಸಾಕುತ್ತಿರುವವರು ಇನ್ನೂ ಹುಷಾರಾಗಿರಬೇಕು. 100ರ ಇನ್ಸುಲಿನ್ ಅನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಜಾಸ್ತಿ ಹೋಗುತ್ತದೆ. ಬಾಟಲಿ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡೂ ಒಂದೇ ಇರಬೇಕು. ಬಾಟಲಿಯನ್ನು ಕುಲುಕಬೇಕೋ, ಅಂಗೈಯಲ್ಲಿ ಮೆಲ್ಲಗೆ ಉರುಳಿಸಬೇಕೋ ಅನ್ನುವುದೂ ಇನ್ಸುಲಿನ್ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಕೇಳಿ ತಿಳಿದುಕೊಳ್ಳಿ.

ಹೊರಡುವಾಗ ಫ್ರಿಜ್ ಪಕ್ಕ ಒಂದು ತಟ್ಟೆ ಕಂಡಿತು. ಅದರಲ್ಲಿ ಹಾಲನ್ನ. ಕ್ಲಿನಿಕ್‌ನಲ್ಲಿ ಕೇಳಿದಾಗ ‘ಡಾಕ್ಟರು ಹೇಳಿದ ಆಹಾರ ಮಾತ್ರ’ ಅಂತ ಮಗ ಹೇಳಿದ್ದ, ಅವನ ಮಟ್ಟಿಗೆ ಅದು ನಿಜವೇ. ಮಧ್ಯಾಹ್ನ ಮನೆಯಲ್ಲಿರುವವರು ಅಮ್ಮ ತಾನೆ? ನಾನು ಬೈಯಲಿಲ್ಲ. ಬೆಕ್ಕಿಗೆ ಪಿಷ್ಟ ಕಡಿಮೆ, ಮಾಂಸ ಜಾಸ್ತಿ ಇರಬೇಕು ಅಂತ ಹೇಳಿ, ಅದರದೇ ಡಬ್ಬಿ ಆಹಾರದಲ್ಲಿ ಸ್ವಲ್ಪ ತೆಗೆದಿಟ್ಟು ಮಧ್ಯಾಹ್ನ ಅವರ ಕೈಯಿಂದಲೇ ಹಾಕಿಸಬಹುದಾ ಅಂತ ಡಾಕ್ಟರನ್ನು ಕೇಳಿ ಗೊತ್ತುಮಾಡಿದೆ. ಅಜ್ಜಿಗೂ ಬೆಕ್ಕಿಗೂ ಇರುವ ಸಲಿಗೆಯನ್ನು ಕಿತ್ತುಹಾಕಿದರೆ ಯಾವ ಪಥ್ಯವೂ ನಿಲ್ಲುವುದಿಲ್ಲ.

ವಯಸ್ಸಾದ ಬೆಕ್ಕುಗಳ ಮನೆಯಲ್ಲಿ ನಾನು ಮೊದಲು ನೋಡುವುದು ಮೆಟ್ಟಿಲು. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದ 2002ರ ಒಂದು ಅಮೆರಿಕನ್ ಅಧ್ಯಯನದಲ್ಲಿ 90 ಬೆಕ್ಕುಗಳ ಕೀಲುಗಳು ಸವೆದಿದ್ದವು. ಬೆಕ್ಕು ಕುಂಟುವುದು ಅಪರೂಪ, ಅದು ಸುಮ್ನೆ ಹತ್ತುವುದನ್ನು ಬಿಡುತ್ತದೆ. ಮಲಮೂತ್ರಕ್ಕೆ ಇಟ್ಟ ಮಣ್ಣಿನ ಟ್ರೇ ಮಹಡಿ ಮೇಲೆ, ಬೆಕ್ಕು ಹೋಗುವುದು ಕೆಳಗೆ ಕಾರ್ಪೆಟ್ ಮೇಲೆ. ಮನೆಯವರು ಹಠ ಅಂದುಕೊಳ್ಳುತ್ತಾರೆ. ಒಂದು ಕಡೆ ಅಂಚು ತಗ್ಗಾಗಿರುವ ಟ್ರೇ ಕೆಳಗೂ ಇಟ್ಟು, ನುಣುಪು ನೆಲಕ್ಕೆ ಎರಡು ಚಾಪೆ ಹಾಕಿದರೆ ಎಷ್ಟೋ ಮನೆಗಳಲ್ಲಿ ಜಗಳ ಮುಗಿಯುತ್ತದೆ. ಜೊತೆಗೆ, ಕೀಲು ನೋಯುತ್ತಿರಬಹುದೇ ನೋಡಿ ಅಂತ ಡಾಕ್ಟರಿಗೆ ಬರೆಯುತ್ತೇನೆ. ಆದರೆ ನೋವಿಗೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಬೆಕ್ಕಿನ ಬಿ.ಪಿ.ಯನ್ನಂತೂ ಮನೆಯಲ್ಲೇ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬುಟ್ಟಿ, ಕಾರು, ಪಕ್ಕದಲ್ಲಿ ಬೊಗಳುವ ನಾಯಿ ಎಲ್ಲ ದಾಟಿ ಕ್ಲಿನಿಕ್ ಮೇಜಿನ ಮೇಲೆ ಕೂತ ಬೆಕ್ಕಿನ ಬಿ.ಪಿ. ಏರದೆ ಇನ್ನೇನಾಗುತ್ತದೆ? ಮನೆಯಲ್ಲಿ ಅದು ತನ್ನ ಕಂಬಳಿ ಮೇಲೆ ಮಲಗಿರುತ್ತದೆ. ನಾನು ಐದು ಹತ್ತು ನಿಮಿಷ ಏನೂ ಮಾಡದೆ ನೆಲದ ಮೇಲೆ ಕೂರುತ್ತೇನೆ. ಆಮೇಲೆ ಮುಂಗಾಲಿಗೋ ಬಾಲಕ್ಕೋ ಪುಟ್ಟ ಪಟ್ಟಿ ಸುತ್ತಿ, ಯಂತ್ರದ ಶಬ್ದ ಬೆಕ್ಕಿಗೆ ಕೇಳದಂತೆ ಹೆಡ್‌ಫೋನ್ ಹಾಕಿಕೊಂಡು ಹಲವು ಸಲ ನೋಡುತ್ತೇನೆ. ಮೊದಲ ಅಳತೆ ಬಿಟ್ಟು ಉಳಿದವುಗಳ ಸರಾಸರಿ. ಅಷ್ಟಾದ ಮೇಲೂ ಮೇಲಿನ ಅಂಕಿ 160 ದಾಟುತ್ತಿದ್ದರೆ ಡಾಕ್ಟರಿಗೆ ಹೇಳುತ್ತೇನೆ. ಬಿ.ಪಿ. ಏರಿದ ಬೆಕ್ಕಿಗೆ ಇದ್ದಕ್ಕಿದ್ದಂತೆ ಕಣ್ಣು ಹೋಗಬಹುದು.

ಹೃದಯದ ಕಾಯಿಲೆ ಇರುವ ನಾಯಿಯ ಮನೆಯವರಿಗೆ ಒಂದೇ ಪಾಠ: ಅದು ಗಾಢ ನಿದ್ದೆಯಲ್ಲಿದ್ದಾಗ ಒಂದು ನಿಮಿಷ ಉಸಿರು ಎಣಿಸಿ ಬರೆದಿಡಿ. 30 ದಾಟಿದರೆ, ದಿನದಿನಕ್ಕೆ ಏರುತ್ತಿದ್ದರೆ, ಅವತ್ತೇ ಫೋನ್ ಮಾಡಿ.

ಕರ್ನಾಟಕದಲ್ಲಿ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ, ಮುಖ್ಯವಾಗಿ ದನಕರುಗಳಿಗೆ. ನಗರಗಳಲ್ಲಿ ಮನೆಗೇ ಬರುವ ಪಶುವೈದ್ಯರೂ ಇದ್ದಾರೆ. ಬರುವವರು ಯಾರೇ ಆಗಲಿ, ಕೆಲವು ತಯಾರಿ ಒಂದೇ. ಬೆಕ್ಕನ್ನು ಮೊದಲೇ ಮಂಚವಿಲ್ಲದ ಕೋಣೆಯಲ್ಲಿ ಬಿಟ್ಟಿರಿ, ಮಂಚದಡಿ ಸೇರಿದ ಬೆಕ್ಕನ್ನು ಎಳೆದರೆ ಆವತ್ತಿನ ಭೇಟಿ ಮುಗಿದಂತೆ. ಎಷ್ಟೇ ಸಾಧು ನಾಯಿಯಾದರೂ ಬಾಗಿಲು ತೆಗೆಯುವಾಗ ಹಗ್ಗ ಕೈಯಲ್ಲಿರಲಿ. ಕೆಮ್ಮು, ತೂರಾಟ ಇದ್ದರೆ ಫೋನ್‌ನಲ್ಲಿ ವಿಡಿಯೊ ಮಾಡಿಡಿ. ನಿಲ್ಲಿಸಿದ ಮಾತ್ರೆಗಳೂ ಸೇರಿದಂತೆ ಎಲ್ಲ ಮದ್ದು ಮೇಜಿನ ಮೇಲಿರಲಿ.

ಕೆಲವಕ್ಕೆ ಮಾತ್ರ ಮನೆಗೆ ಬರುವವರನ್ನು ಕಾಯಬೇಡಿ. ಗಂಡು ಬೆಕ್ಕು ಮತ್ತೆ ಮತ್ತೆ ಮಣ್ಣಿನ ಟ್ರೇಗೆ ಹೋಗಿ ತಿಣುಕುತ್ತಿದೆ, ಮೂತ್ರ ಬರುತ್ತಿಲ್ಲ ಅಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಇನ್ಸುಲಿನ್ ತೆಗೆದುಕೊಳ್ಳುವ ಪ್ರಾಣಿ ತೂರಾಡುತ್ತಿದ್ದರೆ ಒಸಡಿಗೆ ಜೇನುತುಪ್ಪ ಸವರಿ, ಗಂಟಲಿಗೆ ಏನೂ ಸುರಿಯಬೇಡಿ. ಫಿಟ್ಸ್ ಬಂದಿದ್ದರೆ ಬಾಯಿಗೆ ಬೆರಳು ಹಾಕಬೇಡಿ. ದಾರಿಯಲ್ಲೇ ಡಾಕ್ಟರಿಗೆ ಫೋನ್ ಮಾಡಿ, ಇನ್ಸುಲಿನ್ ಬಾಟಲಿ, ಸಿರಿಂಜು ಎರಡನ್ನೂ ಜೊತೆಗೆ ತೆಗೆದುಕೊಂಡು ಹೋಗಿ.